ಎರಡು ಮನೆತನಗಳ ಹಗೆಯ ಪ್ರೇಮಕಾದಂಬರಿಗೆ ಯಾವ ಪುರಾತನ ವಸ್ತು ಸರಿಹೋಗುತ್ತದೆ?

18ನೇ ಶತಮಾನದ ಇಂಗ್ಲೆಂಡ್, ಹಳೇ ವಸ್ತು ಕೂಡಿಡುವ ಹುಚ್ಚಿನ ಎರಡು ಮನೆತನ, ನಡುವೆ ಒಂದು ಪ್ರೀತಿ. ಜಗಳಕ್ಕೆ ಯಾವ ವಸ್ತು ಇಡಲಿ ಅಂತ ಕೇಳಿದ್ದೀರಿ. ಸುಮ್ನೆ ಒಂದು ಒಡವೆ ಇಡಬೇಡಿ, ಅದು ಸವೆದ ದಾರಿ. ಪೋರ್ಟ್‌ಲ್ಯಾಂಡ್ ಹೂದಾನಿಯ ಕಥೆ ಓದಿ.

ರೋಮನ್ನರ ಕಾಲದ್ದು, ಕಡುನೀಲಿ ಗಾಜಿನ ಮೇಲೆ ಬಿಳಿ ಗಾಜಿನ ಕೆತ್ತನೆ. ರೋಮ್‌ನ ಬಾರ್ಬೆರಿನಿ ಮನೆತನದ ಕೈತಪ್ಪಿ, ನೇಪಲ್ಸ್‌ನಲ್ಲಿದ್ದ ಬ್ರಿಟಿಷ್ ರಾಯಭಾರಿ ವಿಲಿಯಂ ಹ್ಯಾಮಿಲ್ಟನ್ ಕೈಗೆ ಬಂದು, ಅವನಿಂದ ಪೋರ್ಟ್‌ಲ್ಯಾಂಡ್ ಡಚೆಸ್ ಮನೆ ಸೇರಿತು. ಆಕೆ ತೀರಿಕೊಂಡ ಮೇಲೆ 1786ರಲ್ಲಿ ಹರಾಜಿಗೆ ಬಂದಾಗ ಕೊಂಡವನು ಆಕೆಯ ಮಗನೇ! ಅಮ್ಮನ ವಸ್ತುವಿಗೆ ಮಗ ದುಡ್ಡು ಕೊಡಬೇಕಾಗಿ ಬಂತು, ಕಾದಂಬರಿಕಾರರಿಗೆ ಹಬ್ಬ ಅಲ್ವಾ?

ಆಮೇಲೆ ಪಿಂಗಾಣಿ ಪಾತ್ರೆಗಳಿಗೆ ಹೆಸರಾದ ಇಂಗ್ಲಿಷ್ ಕುಂಬಾರ ವೆಜ್‌ವುಡ್ ಅದನ್ನು ಎರವಲು ಪಡೆದು, ವರ್ಷಗಟ್ಟಲೆ ಹೆಣಗಾಡಿ ನಕಲು ಮಾಡಿದ. ನಿಮ್ಮ ಕಥೆಯಲ್ಲಿ ಅಸಲಿ ಒಂದು ಮನೆಯಲ್ಲಿ, ನಕಲು ಇನ್ನೊಂದರಲ್ಲಿ ಇರಲಿ, ಯಾವುದು ಯಾವುದೆಂದು ನಾಯಕಿಗೆ ಮಾತ್ರ ಗೊತ್ತಿರಲಿ.