ಉಪಗ್ರಹ ಚಿತ್ರ ನೋಡಿ ಭತ್ತದ ಗದ್ದೆ ಯಾವುದು, ವರ್ಷಕ್ಕೆ ಎಷ್ಟು ಬೆಳೆ ಎಂದು ಹೇಳಬಹುದೇ?

ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ಉಚಿತವಾಗಿ ಸಿಗುವ ಚಿತ್ರಗಳಲ್ಲಿ ಭತ್ತವನ್ನು ಬೇರೆ ಬೆಳೆಗಳಿಂದ ಬೇರ್ಪಡಿಸಬಹುದೇ? ಮಳೆಗಾಲದಲ್ಲಿ ಮೋಡ ಕವಿದಿದ್ದರೆ ಏನು ಗತಿ? ಒಂದು ಸ್ವಚ್ಛವಾದ ಚಿತ್ರ ಹುಡುಕಿ ಡೀಪ್ ಲರ್ನಿಂಗ್ ಮಾದರಿಗೆ (ಉದಾಹರಣೆಗಳಿಂದ ತಾನೇ ಕಲಿಯುವ ಕಂಪ್ಯೂಟರ್ ಪ್ರೋಗ್ರಾಮಿಗೆ) ಕೊಟ್ಟರೆ ಕೆಲಸ ಮುಗಿಯುತ್ತದೆಯೇ? ಇಂಥ ನಕ್ಷೆಗಳ ಮೇಲೆಯೇ ನಾನು ಕೆಲಸ ಮಾಡುತ್ತೇನೆ, ಹಾಗಾಗಿ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಮುಗಿಯುವುದಿಲ್ಲ. ಎಷ್ಟೇ ಸ್ವಚ್ಛವಾಗಿರಲಿ, ಒಂದೇ ದಿನದ ಚಿತ್ರ ಹಿಡಿದುಕೊಂಡು ಭತ್ತದ ನಕ್ಷೆ ಮಾಡಲು ಹೊರಡಬೇಡಿ.

ಬೆಳೆ ತುಂಬಿ ನಿಂತಾಗ ಮೇಲಿನಿಂದ ನೋಡಿದರೆ ಭತ್ತ, ಎಳೆ ಕಬ್ಬು, ಮೆಕ್ಕೆಜೋಳ, ಜೌಗಿನ ಹುಲ್ಲು ಎಲ್ಲವೂ ಹೆಚ್ಚುಕಡಿಮೆ ಒಂದೇ ಹಸಿರು. ಭತ್ತ ಸಿಕ್ಕಿಬೀಳುವುದು ತನ್ನ ನಡವಳಿಕೆಯಿಂದ. ಗದ್ದೆಗೆ ನೀರು ಕಟ್ಟುತ್ತಾರೆ, ಕೆಸರು ಮಾಡಿ ನಾಟಿ ಮಾಡುತ್ತಾರೆ. ಎರಡು ಮೂರು ವಾರದಲ್ಲಿ ಆ ನೀರಿನ ಮೇಲೆ ಹಸಿರು ಹರಡುತ್ತದೆ. ಒಂದೂವರೆ ಎರಡು ತಿಂಗಳಿಗೆ ನೀರು ಕಾಣದಷ್ಟು ದಟ್ಟವಾಗುತ್ತದೆ. ತೆನೆ ಬಲಿತಂತೆ ಹಳದಿಗೆ ತಿರುಗಿ, ಕಟಾವಾದ ಮೇಲೆ ಕೂಳೆಯಷ್ಟೇ ಉಳಿಯುತ್ತದೆ. ಹೆಚ್ಚಿನ ತಳಿಗಳಲ್ಲಿ ಇದೆಲ್ಲ ಮೂರರಿಂದ ಐದು ತಿಂಗಳೊಳಗೆ ನಡೆದುಹೋಗುತ್ತದೆ. ಮೊದಲು ನೀರು, ಅದರ ಬೆನ್ನಿಗೇ ಹಸಿರು: ಇಷ್ಟು ಅಚ್ಚುಕಟ್ಟಾಗಿ ಈ ವರಸೆಯಲ್ಲಿ ಬೆಳೆಯುವ ಇನ್ನೊಂದು ದೊಡ್ಡ ಬೆಳೆ ಅಪರೂಪ. ನೀವು ಹುಡುಕಬೇಕಾದದ್ದು ಈ ಅನುಕ್ರಮವನ್ನು, ಅದಕ್ಕೆ ವರ್ಷವಿಡೀ ತೆಗೆದ ಚಿತ್ರಗಳ ಸರಣಿ ಬೇಕು.

ಈ ಅನುಕ್ರಮವನ್ನು ಸೂತ್ರಕ್ಕೆ ಇಳಿಸಿದ್ದು ಷಿಯಾಂಗ್‌ಮಿಂಗ್ ಷಿಯಾವ್ ಮತ್ತು ಸಂಗಡಿಗರ ಕೆಲಸ. 2005ರಲ್ಲಿ ದಕ್ಷಿಣ ಚೀನಾಕ್ಕೆ, 2006ರಲ್ಲಿ ದಕ್ಷಿಣ ಹಾಗೂ ಆಗ್ನೇಯ ಏಷ್ಯಾಕ್ಕೆ ಅವರು ನಾಸಾ ಉಪಗ್ರಹಗಳಲ್ಲಿರುವ ಮೋಡಿಸ್ ಎಂಬ ಉಪಕರಣದ ಚಿತ್ರಗಳಿಂದ ಭತ್ತದ ನಕ್ಷೆ ಮಾಡಿದರು. ಅದರ ಹಿಂದಿನ ಯೋಚನೆ ತುಂಬ ಸರಳ. ಹಸಿರನ್ನು ಅಳೆಯಲು ಎನ್‌ಡಿವಿಐ ಅಥವಾ ಇವಿಐ ಸೂಚ್ಯಂಕ, ತೇವವನ್ನು ಅಳೆಯಲು ಎಲ್‌ಎಸ್‌ಡಬ್ಲ್ಯುಐ ಸೂಚ್ಯಂಕ. ಕಿರುತರಂಗದ ಅವಕೆಂಪು ಬೆಳಕನ್ನು ನೀರು ಹೀರಿಕೊಳ್ಳುತ್ತದಲ್ಲ, ಎರಡನೆಯದು ಅದನ್ನೇ ನೆಚ್ಚಿಕೊಂಡದ್ದು. ಸಾಮಾನ್ಯ ಹೊಲದಲ್ಲಿ ಹಸಿರಿನ ಅಂಕಿ ತೇವದ ಅಂಕಿಗಿಂತ ಮೇಲಿರುತ್ತದೆ. ನಾಟಿಯ ಸಮಯದ ಗದ್ದೆಯಲ್ಲಿ ಮಾತ್ರ ಕೆಲ ದಿನ ಲೆಕ್ಕ ತಿರುಗಿಬೀಳುತ್ತದೆ: ತೇವದ ಅಂಕಿಗೆ 0.05 ಕೂಡಿಸಿದರೆ ಅದು ಹಸಿರಿನ ಅಂಕಿಯನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ. ಅದಾದ ಸುಮಾರು 40 ದಿನದೊಳಗೆ ಇವಿಐ ಆ ಬೆಳೆಯ ಗರಿಷ್ಠದ ಅರ್ಧಕ್ಕೆ ಏರಿದರೆ ಅದನ್ನು ಭತ್ತ ಎಂದು ಪರಿಗಣಿಸುವುದು. 0.05 ಎಂಬುದು ಕಲ್ಲಿನ ಮೇಲೆ ಕೆತ್ತಿದ್ದೇನೂ ಅಲ್ಲ, ನಿಮ್ಮ ಪ್ರದೇಶಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ. ಯೋಚನೆ ಮಾತ್ರ ಇವತ್ತಿಗೂ ಗಟ್ಟಿ.

ಮೋಡಿಸ್‌ನ ತೊಂದರೆ ಅದರ ಪಿಕ್ಸೆಲ್, ಅಂದರೆ ಚಿತ್ರದ ಒಂದು ಚೌಕದ ಅಳತೆ. 500 ಮೀಟರಿನ ಒಂದು ಪಿಕ್ಸೆಲ್ಲಿನಲ್ಲಿ 20 ಹೆಕ್ಟೇರಿಗೂ ಹೆಚ್ಚು ನೆಲ ಸೇರುತ್ತದೆ. ಗದ್ದೆ, ಬದು, ತೋಟ, ಊರು ಎಲ್ಲ ಕಲಸಿಹೋಗಿರುತ್ತವೆ. ಯುರೋಪಿನ ಸೆಂಟಿನೆಲ್-2 ಇದನ್ನು 10 ಮೀಟರಿಗೆ ಇಳಿಸಿತು. ಅದರ ಮೊದಲ ಉಪಗ್ರಹ 2015ರಲ್ಲಿ, ಎರಡನೆಯದು 2017ರಲ್ಲಿ ಹಾರಿದವು. ಇಂಥ ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಒಂದೇ ಜಾಗವನ್ನು ನೋಡುತ್ತವೆ. ಒಂದು ಮಾತು ನೆನಪಿರಲಿ: ತೇವಕ್ಕೆ ಬೇಕಾದ ಕಿರುತರಂಗದ ಬ್ಯಾಂಡು (ಆ ಬೆಳಕಿನಲ್ಲಿ ತೆಗೆದ ಚಿತ್ರ) ಅದರಲ್ಲಿ 20 ಮೀಟರಿನದು. ‘10 ಮೀಟರ್ ಭತ್ತದ ನಕ್ಷೆ’ ಎಂದು ಶೀರ್ಷಿಕೆ ಹಾಕುವ ಎಷ್ಟೋ ಪ್ರಬಂಧಗಳು ಈ ವಿಷಯವನ್ನು ನಯವಾಗಿ ನುಂಗಿಬಿಡುತ್ತವೆ.

ಇನ್ನು ಮೋಡ. ಮಳೆಗಾಲದ ಬೆಳೆಯಲ್ಲಿ ಅತಿ ಮುಖ್ಯವಾದ ಘಳಿಗೆ ಎಂದರೆ ನಾಟಿ, ಮೋಡ ಅತಿ ದಟ್ಟವಾಗಿರುವುದೂ ಆಗಲೇ. ಐದು ದಿನಕ್ಕೊಮ್ಮೆ ಚಿತ್ರ ಬಂದರೇನು, ತಿಂಗಳಿಡೀ ಬಿಳಿಯೇ ಕಂಡರೆ ನೀರು ನಿಂತ ಹಂತ ಕೈತಪ್ಪಿದ ಹಾಗೆಯೇ. ಮೋಡಕ್ಕಿಂತ ಅದರ ನೆರಳು ಹೆಚ್ಚು ಅಪಾಯಕಾರಿ. ಮೋಡವನ್ನು ತೆಗೆದುಹಾಕುವ ಮಾಸ್ಕ್‌ಗಳು ಬಿಳಿಯನ್ನು ಚೆನ್ನಾಗಿ ಹಿಡಿಯುತ್ತವೆ, ನೆರಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ನೆರಳು ಬಿದ್ದ ಹೊಲ ಕಪ್ಪಾಗಿ ನೀರಿನಂತೆ ಕಾಣುತ್ತದೆ, ಮುಂದಿನ ಚಿತ್ರದಲ್ಲಿ ಅದೇ ಹೊಲ ಹಸಿರು. ನಿಮ್ಮ ಸೂತ್ರ ಅದನ್ನು ಸಂತೋಷದಿಂದ ಭತ್ತ ಎಂದು ಬರೆದುಕೊಳ್ಳುತ್ತದೆ.

ಈ ಕಾರಣಕ್ಕೆ ನಾನು ಸಲಹೆ ಕೇಳಿದವರಿಗೆಲ್ಲ ರಾಡಾರಿನಿಂದ ಶುರು ಮಾಡಿ ಎನ್ನುತ್ತೇನೆ. ಸೆಂಟಿನೆಲ್-1 ತಾನೇ ಅಲೆ ಕಳಿಸಿ ಅದರ ಮರುದನಿ ಹಿಡಿಯುವ ಉಪಗ್ರಹ. ಅದರ ತರಂಗಾಂತರ ಸುಮಾರು 5.5 ಸೆಂಟಿಮೀಟರ್, ಮೋಡ ಅದಕ್ಕೆ ಅಡ್ಡಿಯಲ್ಲ, ಹಗಲು ರಾತ್ರಿಯ ಭೇದವೂ ಇಲ್ಲ. ಭತ್ತದ ಮಟ್ಟಿಗೆ ಇದು ಹೊಸ ವಿದ್ಯೆಯೇನಲ್ಲ. ಇಆರ್‌ಎಸ್-1 ಉಪಗ್ರಹದ ರಾಡಾರ್ ಚಿತ್ರಗಳಿಂದ ಭತ್ತವನ್ನು ಹೇಗೆ ಗುರುತಿಸಬಹುದು, ಅದರ ಹಿಂದಿನ ಭೌತವಿಜ್ಞಾನ ಏನು ಎಂದು ತುಯ್ ಲ ತೋನ್ ಮತ್ತು ಸಂಗಡಿಗರು 1997ರಲ್ಲೇ ವಿವರಿಸಿದ್ದರು.

ಅದು ಕೆಲಸ ಮಾಡುವ ಬಗೆ ಹೀಗೆ. ನೀರು ನಿಂತ ಗದ್ದೆಯ ಮೇಲ್ಮೈ ನುಣುಪು. ಓರೆಯಾಗಿ ಬಿದ್ದ ಅಲೆ ಆಚೆ ಕಡೆಗೇ ಜಾರಿಹೋಗುತ್ತದೆ, ಉಪಗ್ರಹಕ್ಕೆ ಏನೂ ವಾಪಸ್ ಬರುವುದಿಲ್ಲ, ಚಿತ್ರದಲ್ಲಿ ಗದ್ದೆ ಕಪ್ಪು. ಪೈರು ಎದ್ದಂತೆ ಅಲೆ ನೀರಿಗೂ ಕಾಂಡಕ್ಕೂ ಬಡಿದು ಮರಳುತ್ತದೆ, ಎಲೆಗಳ ನಡುವೆ ಚದುರುತ್ತದೆ, ಗದ್ದೆ ಬೆಳ್ಳಗಾಗುತ್ತ ಹೋಗುತ್ತದೆ. ಲಂಬವಾಗಿ ಕಳಿಸಿ ಅಡ್ಡಲಾಗಿ ಹಿಡಿಯುವ ವಿಎಚ್ ಸಂಕೇತದಲ್ಲಿ ನಾಟಿಯ ವೇಳೆ ಬೆಲೆ ಸಾಮಾನ್ಯವಾಗಿ −20 ಡೆಸಿಬೆಲ್‌ಗಿಂತ ಕೆಳಗಿಳಿಯುತ್ತದೆ, ಬೆಳೆ ತುಂಬಿದಾಗ −15ರ ಆಸುಪಾಸಿಗೆ ಏರುತ್ತದೆ. ಅಂಕಿ ಚಿಕ್ಕದಾಗಿ ಕಂಡರೂ 3 ಡೆಸಿಬೆಲ್ ಎಂದರೆ ಶಕ್ತಿ ದುಪ್ಪಟ್ಟಾದಂತೆ. ಹೀಗೆ ಕೆಳಗಿಳಿದು ಮೇಲೇರುವ ಈ ಗೆರೆ ಒಮ್ಮೆ ಕಣ್ಣಿಗೆ ಪರಿಚಯವಾದರೆ ಸಾಕು, ಕೋಡ್ ಇಲ್ಲದೆಯೂ ಗದ್ದೆ ಗುರುತಿಸುತ್ತೀರಿ.

ರಾಡಾರಿಗೂ ಅದರದೇ ರಗಳೆಗಳಿವೆ. ಗಾಳಿ ಬೀಸಿ ನೀರಿನಲ್ಲಿ ಕಿರುಅಲೆ ಎದ್ದರೆ ಲಂಬವಾಗಿ ಕಳಿಸಿ ಲಂಬವಾಗಿಯೇ ಹಿಡಿಯುವ ವಿವಿ ಸಂಕೇತ ಮೇಲೇರಿ ನೀರು ಬಚ್ಚಿಟ್ಟುಕೊಳ್ಳುತ್ತದೆ, ಈ ವಿಷಯದಲ್ಲಿ ವಿಎಚ್ ಹೆಚ್ಚು ನಂಬಿಕಸ್ಥ. ಚಿತ್ರವೆಲ್ಲ ಚುಕ್ಕೆಚುಕ್ಕೆಯಾಗಿರುವುದರಿಂದ ಒಂಟಿ ಪಿಕ್ಸೆಲ್ಲಿನ ಮಾತು ಕೇಳಬೇಡಿ, ಗದ್ದೆಯ ಮೇಲೆ ಅಥವಾ ಅಕ್ಕಪಕ್ಕದ ದಿನಾಂಕಗಳ ಮೇಲೆ ಸರಾಸರಿ ತೆಗೆಯಿರಿ. ಆ ಸರಾಸರಿಯನ್ನು ಡೆಸಿಬೆಲ್‌ನಲ್ಲಿ ತೆಗೆಯಬೇಡಿ, ಮೂಲ ಶಕ್ತಿಯ ಬೆಲೆಗೆ ಪರಿವರ್ತಿಸಿಕೊಂಡು ತೆಗೆಯಿರಿ. ಉಪಗ್ರಹ ಚಿತ್ರಗಳನ್ನು ಆನ್‌ಲೈನಿನಲ್ಲೇ ವಿಶ್ಲೇಷಿಸಲು ಬಳಸುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಸಿಗುವ ಸಾಮಾನ್ಯ ಸೆಂಟಿನೆಲ್-1 ಸಂಗ್ರಹ ಡೆಸಿಬೆಲ್‌ನಲ್ಲೇ ಇರುತ್ತದೆ, ಹೊಸಬರು ಎಡವುವುದು ಅಲ್ಲೇ. ಉತ್ತರಕ್ಕೆ ಹೋಗುವ ಹಾದಿಯ ಚಿತ್ರವನ್ನೂ ದಕ್ಷಿಣಕ್ಕೆ ಬರುವ ಹಾದಿಯ ಚಿತ್ರವನ್ನೂ ಒಂದೇ ಸರಣಿಯಲ್ಲಿ ಬೆರೆಸಬೇಡಿ. ನೋಡುವ ಕೋನ ಬದಲಾಗಿ ಗೆರೆ ಗರಗಸದ ಹಲ್ಲಿನಂತಾಗುತ್ತದೆ. ಬೆಟ್ಟದ ಮೆಟ್ಟಿಲುಗದ್ದೆಗಳಾದರೆ ಇಳಿಜಾರಿನ ತಿದ್ದುಪಡಿ ನೀವೇ ಮಾಡಬೇಕು, ಆ ಸಂಗ್ರಹದಲ್ಲಿ ಅದು ಆಗಿರುವುದಿಲ್ಲ. ಇನ್ನೊಂದು: ಸೆಂಟಿನೆಲ್-1ಬಿ 2021ರ ಡಿಸೆಂಬರ್‌ನಲ್ಲಿ ಕೆಟ್ಟು ನಿಂತಿತು, ಬದಲಿಗೆ 1ಸಿ ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ಆ ನಡುವಿನ ವರ್ಷಗಳಲ್ಲಿ ಬಹಳ ಕಡೆ 12 ದಿನಕ್ಕೊಂದೇ ಚಿತ್ರ. ಅದಕ್ಕೂ ಮುಂಚೆ ಆರು ದಿನಕ್ಕೊಂದು ಚಿತ್ರ ಸಿಗುತ್ತಿದ್ದ ಜಾಗಗಳಲ್ಲಿ 2020ನ್ನೂ 2023ನ್ನೂ ಹೋಲಿಸಿ ‘ನಾಟಿ ತಡವಾಗಿದೆ’ ಎಂದು ತೀರ್ಮಾನಿಸುವ ಮೊದಲು ಇದನ್ನು ಗಮನಿಸಿ.

ಈಗ ನಿಮ್ಮ ಪ್ರಶ್ನೆಯ ನಿಜವಾದ ತಿರುಳು: ಬೆಳೆಯ ವಿನ್ಯಾಸ, ಅಂದರೆ ಎಲ್ಲಿ, ಯಾವಾಗ, ಎಷ್ಟು ಬಾರಿ. ಭತ್ತ ಹೌದೋ ಅಲ್ಲವೋ ಎಂಬ ಎರಡು ಬಣ್ಣದ ನಕ್ಷೆ ಹೆಚ್ಚೇನೂ ಹೇಳುವುದಿಲ್ಲ. ಪ್ರತಿ ಪಿಕ್ಸೆಲ್ಲಿನ ಗೆರೆ ಕೆಳಗಿಳಿದ ದಿನವನ್ನು ನಾಟಿಯ ದಿನಾಂಕವೆಂದು ಬರೆದಿಟ್ಟು ಅದಕ್ಕೆ ಬಣ್ಣ ಹಚ್ಚಿ ನೋಡಿ, ಆಗ ನಕ್ಷೆ ಮಾತಾಡುತ್ತದೆ. ನಾಲೆಯ ತಲೆಯಲ್ಲಿರುವ ಗದ್ದೆಗಳು ಮೊದಲು ನಾಟಿಯಾಗಿ, ಕೊನೆಯ ತೂಬಿನವು ವಾರಗಟ್ಟಲೆ ತಡವಾಗುವುದು ಪಟ್ಟಿಪಟ್ಟಿಯಾಗಿ ಕಾಣುತ್ತದೆ. ಮಳೆಯನ್ನೇ ನಂಬಿದ ಕಡೆ ಈ ಪಟ್ಟಿ ಇರುವುದಿಲ್ಲ, ದಿನಾಂಕಗಳು ಚೆದುರಿಬಿದ್ದಿರುತ್ತವೆ. ನೀರಾವರಿ ಎಲ್ಲಿಗೆ ಮುಟ್ಟುತ್ತಿದೆ, ಎಲ್ಲಿಗೆ ಕಾಗದದಲ್ಲಷ್ಟೇ ಮುಟ್ಟುತ್ತಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಕ್ಷೆ ನನಗೆ ಗೊತ್ತಿಲ್ಲ. ನಾನು ಈ ಕೆಲಸಕ್ಕೆ ಅಂಟಿಕೊಂಡಿರುವುದೂ ಇದಕ್ಕಾಗಿಯೇ.

ಬೆಳೆಗಳನ್ನು ಎಣಿಸುವಾಗ ಬರೀ ಶಿಖರಗಳನ್ನು ಎಣಿಸಬೇಡಿ. ಕಟಾವಿನ ನಂತರ ಬೆಳೆದ ಕಳೆಯೂ ಒಂದು ದಿಬ್ಬ ಮಾಡುತ್ತದೆ, ಕೂಳೆ ಬೆಳೆ ಬಿಟ್ಟರೆ ಅದೂ ಒಂದು ಸಣ್ಣ ದಿಬ್ಬ. ಪ್ರತಿ ಶಿಖರದ ಮುಂಚೆ ನೀರಿನ ಕಣಿವೆ ಇದೆಯೇ ನೋಡಿ. ಇದೇ ಕಾರಣಕ್ಕೆ ವಿಯೆಟ್ನಾಂನ ಮೆಕಾಂಗ್ ಮುಖಜಭೂಮಿ ಈ ವಿದ್ಯೆಗೆ ಒಳ್ಳೆಯ ಪರೀಕ್ಷೆ. ಅಲ್ಲಿ ಕೆಲವೆಡೆ ವರ್ಷಕ್ಕೆ ಮೂರು ಬೆಳೆ. ಕೆಲವೆಡೆ ನದಿಯ ಪ್ರವಾಹ ಬಂದು ಗದ್ದೆಗಳು ತಿಂಗಳುಗಟ್ಟಲೆ ಮುಳುಗಿರುತ್ತವೆ. ಕರಾವಳಿಯ ಹತ್ತಿರ ಬೇಸಿಗೆಯಲ್ಲಿ ಉಪ್ಪುನೀರಿನ ಸೀಗಡಿ, ಮಳೆಗಾಲದಲ್ಲಿ ಭತ್ತ. ಮೂರರಲ್ಲೂ ನೀರಿದೆ, ಅರ್ಥ ಮಾತ್ರ ಬೇರೆ ಬೇರೆ. ನೀರು ಎಷ್ಟು ದಿನ ನಿಂತಿತು, ಅದರ ಬೆನ್ನಿಗೇ ಹಸಿರು ಬಂತೇ ಎಂಬ ಎರಡು ಪ್ರಶ್ನೆ ಕೇಳಿದರೆ ಬಹುಪಾಲು ಗೊಂದಲ ಬಗೆಹರಿಯುತ್ತದೆ.

ಬಗೆಹರಿಯದ ಜಾಗವೂ ಇದೆ, ಅದು ಒಣ ನೆಲದ ನೇರ ಬಿತ್ತನೆ. ಕೂಲಿ ಸಿಗದೆಯೋ ನೀರು ಉಳಿಸಲೋ ರೈತರು ನಾಟಿ ಬಿಟ್ಟು ನೇರವಾಗಿ ಬಿತ್ತಿದರೆ ನೀರಿನ ಹಂತವೇ ಇರುವುದಿಲ್ಲ, ಅಥವಾ ಪೈರು ಎದ್ದ ಮೇಲೆ ನೀರು ಬರುತ್ತದೆ. ಮಳೆಯಾಶ್ರಿತ ಬೆಟ್ಟದ ಭತ್ತದ್ದೂ ಇದೇ ಕತೆ. ಅಲ್ಲಿ ಸೂತ್ರ ಕೈಕೊಡುತ್ತದೆ. ಇಡೀ ವರ್ಷದ ಗೆರೆಯನ್ನು ಗೊತ್ತಿರುವ ಗದ್ದೆಗಳ ಗೆರೆಯೊಂದಿಗೆ ಹೋಲಿಸುವ ವಿಧಾನಗಳಿಗೆ, ಇಲ್ಲವೇ ಗುರುತು ಮಾಡಿದ ಉದಾಹರಣೆಗಳಿಂದ ಕಲಿಯುವ ರ‍್ಯಾಂಡಮ್ ಫಾರೆಸ್ಟ್‌ನಂಥ ಮಾದರಿಗಳಿಗೆ ಹೋಗಬೇಕು. 2025ರ ಜುಲೈನಲ್ಲಿ ಹಾರಿದ ನಾಸಾ-ಇಸ್ರೋ ಜಂಟಿ ಉಪಗ್ರಹ ನಿಸಾರ್‌ನ ಎಲ್-ಬ್ಯಾಂಡ್ ರಾಡಾರಿನ ಅಲೆ ಸುಮಾರು 24 ಸೆಂಟಿಮೀಟರ್ ಉದ್ದದ್ದು. ಎಲೆಗಳ ಮರೆಯಲ್ಲಿರುವ ನೀರನ್ನು ನೋಡಲು ಉದ್ದದ ಅಲೆ ಹೆಚ್ಚು ಅನುಕೂಲ, ಆದ್ದರಿಂದ ಅದರ ಮೇಲೆ ಒಂದು ಕಣ್ಣಿಟ್ಟಿರಿ.

ಮಾದರಿ ಯಾವುದೇ ಇರಲಿ, ಅದರ ಯೋಗ್ಯತೆ ನೀವು ಕೊಡುವ ನೆಲದ ಮಾಹಿತಿಯಷ್ಟೇ. ಭತ್ತದ ಗದ್ದೆಗಳನ್ನು ಎಲ್ಲರೂ ಶ್ರದ್ಧೆಯಿಂದ ಗುರುತು ಮಾಡಿಕೊಂಡು ಬರುತ್ತಾರೆ, ಭತ್ತವಲ್ಲದ್ದನ್ನು ಕಾಟಾಚಾರಕ್ಕೆ. ಮಾದರಿ ಕಲಿಯಬೇಕಾದದ್ದು ಹೆಚ್ಚಾಗಿ ಎರಡನೆಯದರಿಂದ: ಜೌಗು, ಮೀನುಕೊಳ, ಕಮಲದ ಕೆರೆ, ಮಳೆಗೆ ನೀರು ನಿಂತ ಪಾಳುನೆಲ. ಕಲಿಕೆಗೂ ಪರೀಕ್ಷೆಗೂ ಒಂದೇ ಗದ್ದೆಯ ಅಕ್ಕಪಕ್ಕದ ಪಿಕ್ಸೆಲ್ ಹಂಚಿದರೆ ಅಂಕ ಸುಳ್ಳೇ ಮೇಲೇರುತ್ತದೆ. ಊರಿಗೆ ಊರನ್ನೇ ಬೇರೆ ಇಡಿ.

ಆ ಅಂಕದ ಮೋಹವೂ ಬೇಡ. ಒಂದು ಲೆಕ್ಕ ನೋಡಿ. 1,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ನಿಜವಾಗಿ 100 ಮಾತ್ರ ಭತ್ತ ಎಂದುಕೊಳ್ಳಿ. ನಿಮ್ಮ ಮಾದರಿ ಆ ನೂರರಲ್ಲಿ 90ನ್ನು ಸರಿಯಾಗಿ ಹಿಡಿಯಿತು, ಉಳಿದ 900ರಲ್ಲಿ ಶೇ 5ನ್ನು ಮಾತ್ರ ತಪ್ಪಾಗಿ ಭತ್ತ ಎಂದಿತು, ಅಂದರೆ 45. ಒಟ್ಟು ನಿಖರತೆ ಶೇ 94.5, ಕೇಳಲು ಚೆಂದ. ನಕ್ಷೆಯ ಪ್ರಕಾರ ಭತ್ತದ ವಿಸ್ತೀರ್ಣ ಮಾತ್ರ 135, ಇರುವುದಕ್ಕಿಂತ ಶೇ 35 ಹೆಚ್ಚು. ಪಿಕ್ಸೆಲ್ ಎಣಿಸಿ ವಿಸ್ತೀರ್ಣ ಹೇಳುವುದನ್ನು ಬಿಟ್ಟು, ನಕ್ಷೆಯ ಮೇಲೆ ಯಾದೃಚ್ಛಿಕವಾಗಿ ಆರಿಸಿದ ಬಿಂದುಗಳನ್ನು ಪರಿಶೀಲಿಸಿ, ಅದರಿಂದ ತಿದ್ದಿದ ಅಂದಾಜನ್ನೂ ಅದರ ದೋಷದ ಮಿತಿಯನ್ನೂ ಒಟ್ಟಿಗೆ ಕೊಡಿ.

ಡೀಪ್ ಲರ್ನಿಂಗ್ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು: ಗುರುತು ಮಾಡಿದ ಸಾವಿರಾರು ಗದ್ದೆಗಳು ಕೈಯಲ್ಲಿದ್ದಾಗ ಅದರತ್ತ ನೋಡಿ. ಸದ್ಯಕ್ಕೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದಿಷ್ಟು ಗದ್ದೆ, ಒಂದಿಷ್ಟು ಬೇರೆ ಬೆಳೆಯ ಹೊಲ, ಒಂದೆರಡು ಕೆರೆ ಆರಿಸಿ. ಪ್ರತಿಯೊಂದಕ್ಕೂ ಒಂದು ವರ್ಷದ ವಿಎಚ್ ಗೆರೆಯನ್ನೂ ಎನ್‌ಡಿವಿಐ ಗೆರೆಯನ್ನೂ ಒಂದರ ಕೆಳಗೊಂದು ಎಳೆದು, ಗದ್ದೆಯವರು ಹೇಳುವ ನಾಟಿ ಮತ್ತು ಕಟಾವಿನ ದಿನಾಂಕಗಳನ್ನು ಅದರ ಮೇಲೆ ಗುರುತು ಹಾಕಿ. ಎಲ್ಲ ಗದ್ದೆಗಳಲ್ಲೂ ನಾಟಿಯ ಹತ್ತಿರ ಕಣಿವೆ ಕಂಡರೆ ಸರಳ ಸೂತ್ರವೇ ಸಾಕು. ಕಣಿವೆ ಕಾಣದ ಗದ್ದೆಗಳಿದ್ದರೆ ಅವುಗಳ ಮಾಲೀಕರನ್ನು ಹೇಗೆ ಬಿತ್ತಿದಿರಿ ಎಂದು ಕೇಳಿ, ವಿಧಾನವನ್ನು ಅದಾದ ಮೇಲೆ ಆರಿಸಿ.