ವಿದ್ಯಾರ್ಥಿಯಾಗಿ ಯುರೋಪಿನ ನಗರವೊಂದನ್ನು ಮೊದಲ ಸಲ ನೋಡಿದಾಗ ನಿಮಗೆ ಏನನ್ನಿಸಿತು?

ಫೋಟೋದಲ್ಲಿ ಕಾಣದ್ದು ಏನಾದರೂ ಇದ್ದರೆ ಹೇಳಿ ಅಂತಲೂ ಕೇಳಿದ್ದೀರಿ. ಅದಕ್ಕೇ ಬರೆಯೋಣ ಅನ್ನಿಸಿತು.

ನನ್ನದು ಪ್ರಾಗ್, ಜೆಕ್ ದೇಶದ ರಾಜಧಾನಿ. ಓದುತ್ತಿರುವುದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ, ಊರು ಮೈಸೂರು. ಡ್ರೆಸ್ಡೆನ್ ಕೂಡ ಯುರೋಪೇ ಅಲ್ವಾ ಅನ್ನಬಹುದು. ನಿಜ. ಆದರೆ ಅಲ್ಲಿ ಮೊದಲ ತಿಂಗಳು ಪೂರ್ತಿ ರೂಮು, ಬ್ಯಾಂಕ್ ಖಾತೆ, ವಿಮೆ, ವಿಳಾಸದ ನೋಂದಣಿ ಅಂತ ಅಲೆದದ್ದೇ ಆಯಿತು. ಊರನ್ನು ತಲೆಯೆತ್ತಿ ನೋಡಲೇ ಇಲ್ಲ. ಸುಮ್ನೆ ನೋಡೋಕೆ ಅಂತಲೇ ಹೋದ ಮೊದಲ ಊರು ಪ್ರಾಗ್. ಅಕ್ಟೋಬರ್ ಕೊನೆ, ಒಂದು ಶನಿವಾರ ಮತ್ತು ಭಾನುವಾರ.

ಹಿಂದಿನ ರಾತ್ರಿ ಮನೆಗೆ ಫೋನ್ ಮಾಡಿದಾಗ ಅಮ್ಮ ಸ್ವೆಟರ್ ಬಗ್ಗೆ ಕೇಳಿದರು. ತಾತ ಮಾತ್ರ, "ಜಾವಾ ಅಲ್ಲೇ ಅಲ್ವೇನೇ ಹುಟ್ಟಿದ್ದು? ಒಂದು ನೋಡ್ಕೊಂಡು ಬಾ" ಅಂದರು. ತಾತ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿಯಲ್ಲಿ ಇದ್ದವರು. ಜೆಕ್ ಕಂಪನಿಯ ಲೈಸೆನ್ಸ್ ತಂದು 1960ರ ದಶಕದ ಶುರುವಿನಲ್ಲಿ ಮೈಸೂರಿನಲ್ಲಿ ಜಾವಾ ಮಾಡೋಕೆ ಶುರು ಮಾಡಿದರು. 70ರ ದಶಕದಲ್ಲಿ ಅದು ಯೆಜ್ಡಿ ಆಯಿತು. 1996ರಲ್ಲಿ ಫ್ಯಾಕ್ಟರಿ ನಿಂತಿತು. ನಮ್ಮ ಮನೆಯ ಶೆಡ್ಡಿನಲ್ಲಿ ಈಗಲೂ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ. ಆಯುಧಪೂಜೆ ದಿನ ಅದನ್ನು ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ.

ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ರೈಲಿನಲ್ಲಿ ಎರಡೂವರೆ ಗಂಟೆಯೊಳಗಿನ ದಾರಿ. ನದಿ ಜೊತೆಜೊತೆಗೇ ಬರುತ್ತದೆ. ಗಡಿ ಬಂದಾಗ ಗೊತ್ತಾಗಲಿ ಅಂತ ಕಿಟಕಿಗೆ ಮೂಗು ಒತ್ತಿ ಕೂತಿದ್ದೆ. ಗೇಟು, ಬೇಲಿ, ಪೊಲೀಸ್ ಏನೂ ಇಲ್ಲ. ಫೋನಿಗೆ ಒಂದು ಮೆಸೇಜ್ ಬಂತು, ಸ್ಟೇಷನ್ ಬೋರ್ಡುಗಳ ಅಕ್ಷರದ ತಲೆ ಮೇಲೆ ಚುಕ್ಕೆ, ಕೊಂಬು ಮೂಡಿದವು, ಅಷ್ಟೇ. ಜರ್ಮನಿಯಲ್ಲಿ ಎಲ್ಬೆ ಆಗಿದ್ದ ನದಿ ಇಲ್ಲಿ ಲಾಬೆ. ನೀರು ಅದೇ. ವೀಸಾಗೆ ಅಂತ ಆರು ತಿಂಗಳು ಕಾದು ಬಂದವಳಿಗೆ ಇದು ನಂಬೋಕಾಗಲಿಲ್ಲ.

ದೇಶ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ದುಡ್ಡು ಯೂರೋ ಅಲ್ಲ, ಕೊರುನಾ. ಇದು ಗೊತ್ತಿದ್ದೂ ಮೋಸಹೋದೆ. 'ಕಮಿಷನ್ ಸೊನ್ನೆ' ಅಂತ ದೊಡ್ಡದಾಗಿ ಬರೆದಿದ್ದ ಒಂದು ಕೌಂಟರಿನಲ್ಲಿ ಐವತ್ತು ಯೂರೋ ಕೊಟ್ಟೆ. ಕಮಿಷನ್ ನಿಜಕ್ಕೂ ಸೊನ್ನೆಯೇ, ಕತ್ತರಿ ಹಾಕಿದ್ದು ರೇಟಿಗೆ. ಹಾಗೆ ಬದಲಾಯಿಸಿದ ದುಡ್ಡನ್ನು ಮೂರು ಗಂಟೆಯೊಳಗೆ ರಸೀದಿ ತೋರಿಸಿ ವಾಪಸ್ ಪಡೆಯಬಹುದು ಅಂತ ಅಲ್ಲಿ 2019ರಿಂದ ಕಾನೂನೇ ಇದೆಯಂತೆ. ನನಗೆ ಗೊತ್ತಾದದ್ದು ರಾತ್ರಿ, ಹಾಸ್ಟೆಲಿನ ಬಂಕ್ ಮೇಲೆ ಮಲಗಿಕೊಂಡು. ನೀವು ರಸೀದಿ ಎಸೆಯಬೇಡಿ. ಕಾರ್ಡ್ ಇದ್ದರೆ ನೋಟೇ ಬೇಕಾಗೋದಿಲ್ಲ.

ಎರಡನೇ ಎಡವಟ್ಟು ಊಟದ್ದು. ನಾನು ಮಾಂಸ ತಿನ್ನೋದಿಲ್ಲ. ಒಂದು ಚಿಕ್ಕ ಹೋಟೆಲಿನಲ್ಲಿ ಆಲೂಗಡ್ಡೆ ಸೂಪ್ ಕಂಡಿತು. ಬಡಿಸುತ್ತಿದ್ದ ಅಜ್ಜಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಸೂಪ್ ತೋರಿಸಿ "ಮೀಟ್?" ಅಂದೆ. ಆಕೆ ನಗುತ್ತಾ ತಲೆಯಾಡಿಸಿ "ನೋ, ನೋ" ಅಂದರು. ಖುಷಿಯಾಗಿ ಎರಡು ಚಮಚ ಕುಡಿದೆ. ಮೂರನೆಯದರಲ್ಲಿ ಹೊಗೆ ಹಿಡಿಸಿದ ಮಾಂಸದ ಚೂರು. ಆಮೇಲೆ ಹಾಸ್ಟೆಲಿನ ಹುಡುಗಿಯೊಬ್ಬಳು ಬಿಡಿಸಿ ಹೇಳಿದಳು. ಜೆಕ್ ಭಾಷೆಯಲ್ಲಿ ಹೌದು ಅನ್ನೋಕೆ 'ಆನೋ' ಅಂತಾರೆ. ಆಡುಮಾತಿನಲ್ಲಿ 'ನೋ' ಅಂದರೂ 'ಹೂಂ' ಅಂದ ಹಾಗೆಯೇ! ಇಲ್ಲ ಅನ್ನೋದು 'ನೆ'. ಪಾಪ, ಅಜ್ಜಿ ನಿಜವನ್ನೇ ಹೇಳಿದ್ದರು. ಆ ಎರಡು ದಿನ ಕರಿದ ಚೀಸು, ಬ್ರೆಡ್ಡು ಮತ್ತು ಬ್ಯಾಗಿನಲ್ಲಿದ್ದ ಚಟ್ನಿಪುಡಿ ನನ್ನನ್ನು ಕಾಪಾಡಿದವು.

ಇನ್ನು ಎಲ್ಲರೂ ನೋಡುವಂಥವು. ಚಾರ್ಲ್ಸ್ ಸೇತುವೆ 1357ರಲ್ಲಿ ಶುರುವಾದದ್ದು, ಎರಡೂ ಬದಿ ಸೇರಿ ಮೂವತ್ತು ವಿಗ್ರಹ, ವಿಗ್ರಹಗಳ ಗುಂಪುಗಳಿವೆ. ಬೆಳಿಗ್ಗೆ ಏಳಕ್ಕೆ ಹೋಗಿ. ಹತ್ತಕ್ಕೆ ಹೋದರೆ ದಸರಾ ಮೆರವಣಿಗೆ ದಿನ ಸಯ್ಯಾಜಿರಾವ್ ರಸ್ತೆ ದಾಟಿದ ಹಾಗೆ ಆಗುತ್ತದೆ. ಹಳೇ ಪೇಟೆ ಚೌಕದ ಗಡಿಯಾರ 1410ರದ್ದು. ಗಂಟೆಗೊಮ್ಮೆ ಬೊಂಬೆಗಳು ಆಡುತ್ತವೆ. ನೂರಾರು ಜನ ಫೋನ್ ಎತ್ತಿಕೊಂಡು ಕಾಯುತ್ತಾರೆ, ಆಟ ಒಂದು ನಿಮಿಷದೊಳಗೆ ಮುಗಿದು "ಇಷ್ಟೇನಾ?" ಅನ್ನೋ ಮುಖ ಹೊತ್ತು ಚದುರುತ್ತಾರೆ. ನನಗಂತೂ ಇಷ್ಟವಾಯಿತು. ಮೇಲೆ ಕಿಟಕಿಗಳಲ್ಲಿ ಸಂತರು ಸಾಲಾಗಿ ಹೋಗುವುದನ್ನೇ ಎಲ್ಲರೂ ನೋಡುತ್ತಾರೆ. ಕೆಳಗೆ ಬಲಗಡೆ ನೋಡಿ. ಒಂದು ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸುತ್ತದೆ. ಅದು ಸಾವು, 'ಟೈಮ್ ಆಯ್ತು, ಬಾ' ಅನ್ನುತ್ತಿರುತ್ತದೆ. ಪಕ್ಕದ ಬೊಂಬೆ 'ಈಗಲೇ ಬೇಡ' ಅಂತ ತಲೆ ಅಲ್ಲಾಡಿಸುತ್ತದೆ. ಕೊನೆಗೆ ಒಂದು ಕೋಳಿ ಕೂಗುತ್ತದೆ, ಗಂಟಲು ಕಟ್ಟಿದ ಹಾಗೆ.

ವೆನ್ಸೆಸ್ಲಾಸ್ ಚೌಕ ಅಂತಾರೆ, ಆದರೆ ಅದು ಚೌಕವಲ್ಲ, ಉದ್ದನೆಯ ಅಗಲ ರಸ್ತೆ. ಕೆಳತುದಿಯಲ್ಲಿ ಬಾಟಾ ಅಂಗಡಿ. ನಾನು ನಿಂತುಬಿಟ್ಟೆ. ಸ್ಕೂಲ್ ಶೂ, ಜೂನ್ ತಿಂಗಳು, ಮಳೆ, ಒಂದು ಸೈಜ್ ದೊಡ್ಡದು ತಗೋ ಅನ್ನೋ ಅಪ್ಪ. ಬಾಟಾ ನಮ್ಮದೇ ಕಂಪನಿ ಅಂತ ಇಷ್ಟು ವರ್ಷ ನಂಬಿದ್ದೆ. ಅದು 1894ರಲ್ಲಿ ಜ್ಲೀನ್ ಅನ್ನೋ ಊರಿನಲ್ಲಿ ಶುರುವಾದದ್ದು. ಆ ಊರು ಇರುವುದು ಇದೇ ದೇಶದಲ್ಲಿ.

ಮೇಲ್ತುದಿಯಲ್ಲಿ ರಾಷ್ಟ್ರೀಯ ಮ್ಯೂಸಿಯಂ. ಅದರ ಮುಂದೆ ನೆಲದ ಕಲ್ಲುಗಳು ಒಂದು ಕಡೆ ಉಬ್ಬಿವೆ. ಕೆಳಗೆ ಯಾರೋ ಮಲಗಿದ್ದಾರೇನೋ ಅನ್ನೋ ಹಾಗೆ, ಮೇಲೊಂದು ಕಂಚಿನ ಶಿಲುಬೆ ಬಾಗಿಕೊಂಡಿದೆ. ನಾನು ತುಳಿದೇಬಿಡುತ್ತಿದ್ದೆ. ಯಾನ್ ಪಾಲಾಖ್ ಮತ್ತು ಯಾನ್ ಜಾಯಿತ್ಸ್ ಎಂಬ ಇಬ್ಬರು ಹುಡುಗರ ನೆನಪಿನದು ಅದು. 1968ರ ಆಗಸ್ಟಿನಲ್ಲಿ ಸೋವಿಯತ್ ಸೇನೆ ಮತ್ತು ಅದರ ಜೊತೆಗಾರ ದೇಶಗಳ ಸೇನೆ ಟ್ಯಾಂಕು ತಂದು ದೇಶ ಹಿಡಿಯಿತು. ಜನ ನಿಧಾನಕ್ಕೆ ಅದಕ್ಕೆ ಒಗ್ಗಿಕೊಳ್ಳುತ್ತಿದ್ದರು. ಹಾಗೆ ಒಗ್ಗಿಕೊಳ್ಳಬೇಡಿ ಅಂತ ಪಾಲಾಖ್ 1969ರ ಜನವರಿ 16ರಂದು ಇಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ. ಮೂರು ದಿನಕ್ಕೆ ತೀರಿಕೊಂಡ. ಚಾರ್ಲ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವಯಸ್ಸು ಇಪ್ಪತ್ತು. ನನಗಿಂತ ಮೂರು ವರ್ಷ ಚಿಕ್ಕವನು. ಫೋಟೋ ತೆಗೆಯೋಕೆ ಮನಸ್ಸು ಬರಲಿಲ್ಲ. ಅದೇ ವರ್ಷ ನಮ್ಮ ತಾತ ಯಾದವಗಿರಿಯಲ್ಲಿ ಈ ದೇಶದ ಬೈಕಿಗೆ ನಟ್ಟು ಬೋಲ್ಟು ಬಿಗಿಯುತ್ತಿದ್ದರು. ಈ ಎರಡನ್ನೂ ನಾನು ಅಲ್ಲಿಯವರೆಗೆ ಒಟ್ಟಿಗೆ ಯೋಚಿಸಿರಲೇ ಇಲ್ಲ.

ಭಾನುವಾರ ತಾತನ ಕೆಲಸ. ನದಿಯಾಚೆ ಲೆಟ್ನಾ ಗುಡ್ಡದ ಮೇಲೆ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂ ಇದೆ. ಟ್ರಾಮಿಗೆ ಕಾದೆ, ಕಾದೆ, ಬರಲಿಲ್ಲ. ಸ್ಟಾಪಿನ ಕಂಬಕ್ಕೆ ಒಂದು ಹಳದಿ ಚೀಟಿ ಅಂಟಿಸಿದ್ದರು. ಫೋನ್ ಹಿಡಿದು ಅನುವಾದ ಮಾಡಿದೆ. 'ಟ್ರಾಮ್ ಓಡುವುದಿಲ್ಲ' ಅಂತ ಬಂತು. ಆ 'ಓಡುವುದಿಲ್ಲ' ಇದ್ದ ಜಾಗದಲ್ಲಿ ಇದ್ದ ಜೆಕ್ ಪದ 'ನೆಯೆಜ್ದೀ'. ಮತ್ತೊಮ್ಮೆ ಓದಿದೆ. 'ನೆ' ಅಂದರೆ ಇಲ್ಲ, ಸೂಪ್ ಕಲಿಸಿದ ಪಾಠ. ಹಾಗಾದರೆ ಉಳಿದದ್ದು 'ಯೆಜ್ದೀ', ಓಡುತ್ತದೆ. ನಮ್ಮ ಶೆಡ್ಡಿನಲ್ಲಿರುವ ಬೈಕಿನ ಹೆಸರು ಇಲ್ಲಿ ಟ್ರಾಮ್ ಸ್ಟಾಪಿನ ಚೀಟಿಯಲ್ಲಿತ್ತು! ಆ ಹೆಸರು ಇರಾನಿನ ಯಜ್ದ್ ಊರಿನಿಂದ ಬಂದದ್ದು ಅನ್ನುವವರೂ ಇದ್ದಾರೆ. ಕಂಪನಿ ಕಟ್ಟಿದವರು ಇರಾನಿ ಮನೆತನದವರಾದ್ದರಿಂದ ಅದಕ್ಕೂ ತೂಕ ಇದೆ. ಆದರೆ ಆ ಕಂಬದ ಮುಂದೆ ನಿಂತಾಗ ನನಗೆ ಯಾವ ಅನುಮಾನವೂ ಇರಲಿಲ್ಲ.

ಗುಡ್ಡ ಹತ್ತಿ ನಡೆದೇ ಹೋದೆ. ಟಿಕೆಟ್ ಕೌಂಟರಿನಲ್ಲಿ ವಿದ್ಯಾರ್ಥಿ ಕಾರ್ಡಿಗೆ ರಿಯಾಯಿತಿ ಸಿಕ್ಕಿತು. "ಜಾವಾ ಎಲ್ಲಿ?" ಅಂದೆ. ಅರ್ಥವಾಗಲಿಲ್ಲ. ಕೈಯಲ್ಲಿ ಆಕ್ಸಿಲರೇಟರ್ ತಿರುಗಿಸಿ ತೋರಿಸಿದೆ. "ಓ, ಯಾವಾ!" ಅಂದರು. ನಾನು ಅಪ್ಪಟ ಕನ್ನಡದಲ್ಲಿ "ಯಾವ?" ಅಂತ ಕೇಳಿಬಿಟ್ಟೆ. ಅವರಲ್ಲಿ J ಅಕ್ಷರಕ್ಕೆ 'ಯ' ಉಚ್ಚಾರ. ಯಾನೆಚೆಕ್ ಅನ್ನುವವರು ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕಿನ ಹಕ್ಕು ಕೊಂಡು 1929ರಲ್ಲಿ ಶುರು ಮಾಡಿದ್ದು. ಎರಡೂ ಹೆಸರಿನ ಮೊದಲ ಎರಡೆರಡು ಅಕ್ಷರ, Ja ಮತ್ತು Wa, ಸೇರಿ ಯಾವಾ. ನಾವು ಅರವತ್ತು ವರ್ಷದಿಂದ ಅದನ್ನು ತಪ್ಪಾಗಿ ಕರೆಯುತ್ತಿದ್ದೇವೆ.

ಸಾರಿಗೆ ಹಾಲ್ ದೊಡ್ಡದು. ಮೇಲೆ ವಿಮಾನಗಳು ತೂಗುತ್ತಿವೆ, ಕೆಳಗೆ ಹಳೇ ಕಾರು, ರೈಲು ಎಂಜಿನ್. ಬೈಕುಗಳ ಸಾಲಿನಲ್ಲಿ ಯಾವಾ ಸಿಕ್ಕಿತು. ತಾತನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಮಧ್ಯಾಹ್ನದ ನಿದ್ದೆ ಮುಗಿದ ಹೊತ್ತು. ಕನ್ನಡಕ ಹುಡುಕೋಕೆ ಎರಡು ನಿಮಿಷ ಹಿಡಿಯಿತು. ಹಿಂದೆ ತೂಗುತ್ತಿದ್ದ ವಿಮಾನದ ಕಡೆ ನೋಡಲೂ ಇಲ್ಲ. "ಎಡಗಡೆ ತೋರಿಸು" ಅಂದರು. ಬಗ್ಗಿ ತೋರಿಸಿದೆ. ನಮ್ಮ ಬೈಕಿನಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಕಿಕ್ ಹೊಡೆದಾದ ಮೇಲೆ ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್. "ಇನ್ನೂ ಹತ್ತಿರ." ಫೋನನ್ನು ಸರಪಳಿ ದಾಟಿ ಚಾಚಿದೆ, ಕಾವಲಿನವರು ಕೆಮ್ಮಿದರು. ತಾತ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಕಣ್ಣು ಒದ್ದೆಯಾಗುತ್ತೆ ಅಂತ ನಾನು ಕಾಯುತ್ತಿದ್ದೆ.

"ಪೆಟ್ರೋಲ್ ಕಾಕ್ ಆಫ್ ಮಾಡಿದ್ದಾರಾ ನೋಡು" ಅಂದರು.