ಭುಜ ನೋಯುತ್ತಿತ್ತು, ಕಾಯಿಲೆ ಲಿವರ್‌ನಲ್ಲಿತ್ತು

ಸೋದರಿ,

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಿಮ್ಮಣ್ಣನ ಬಲ ಭುಜದ ನೋವಿಗೆ ಐದು ತಿಂಗಳು ಮಾತ್ರೆ, ವ್ಯಾಯಾಮ ನಡೆಯಿತು. ಆಮೇಲೊಂದು ಬೆಳಗಿನ ಜಾವ ಬೆವರಿ, ತಲೆಸುತ್ತಿ ಬಿದ್ದರು. ಸಕ್ಕರೆ ಕಾಯಿಲೆಯೇ ಇಲ್ಲದವರಿಗೆ ಶುಗರ್ ತೀರಾ ಇಳಿದಿತ್ತು. ಕೊನೆಗೆ ಸ್ಕ್ಯಾನ್‌ನಲ್ಲಿ ಕಂಡದ್ದು ಲಿವರ್ ಕ್ಯಾನ್ಸರ್. ‘ಕಾಮಾಲೆ ಇಲ್ಲ, ಹೊಟ್ಟೆನೋವಿಲ್ಲ, ನಮಗೆ ಹೇಗೆ ಗೊತ್ತಾಗಬೇಕಿತ್ತು?’ ಎಂದು ಕೇಳಿದ್ದೀರಿ.

ಗೊತ್ತಾಗುವುದು ಕಷ್ಟವೇ ಇತ್ತು. ಲಿವರ್‌ನ ಒಳಗೆ ನೋವು ತಿಳಿಸುವ ನರಗಳಿಲ್ಲ. ಅದರ ಹೊರಪೊರೆಗೆ ಮಾತ್ರ ನೋವಾಗುತ್ತದೆ. ಗೆಡ್ಡೆ ಬೆಳೆದು ಮೇಲಿನ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ಒತ್ತಿದರೆ, ಅಲ್ಲಿನ ನರ ಸುದ್ದಿ ಒಯ್ಯುವುದು ಕತ್ತಿನ ಬೆನ್ನುಹುರಿಗೆ. ಭುಜದ ನರಗಳು ಸೇರುವುದೂ ಅಲ್ಲಿಗೇ. ಹಾಗಾಗಿ ಮೆದುಳು ಭುಜವೇ ನೋಯುತ್ತಿದೆ ಅಂದುಕೊಳ್ಳುತ್ತದೆ. ಇನ್ನು ಶುಗರ್ ವಿಷಯ. ಕೆಲವು ಗೆಡ್ಡೆಗಳು ಇನ್ಸುಲಿನ್ ಥರ ಕೆಲಸ ಮಾಡುವ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ. ಬೇರೆ ಕೆಲವರಲ್ಲಿ ರಕ್ತದ ಕ್ಯಾಲ್ಸಿಯಂ ಏರುತ್ತದೆ, ಇನ್ನು ಕೆಲವರಿಗೆ ಬೇಧಿ ನಿಲ್ಲುವುದೇ ಇಲ್ಲ. ಜ್ವರ ಬಂದರೆ ಲಿವರ್‌ನಲ್ಲಿ ಕೀವು ತುಂಬಿದೆ ಎಂದು ಆಂಟಿಬಯಾಟಿಕ್ ಕೊಡುವುದೂ ಉಂಟು. ‘ಎಎಫ್‌ಪಿ ರಕ್ತಪರೀಕ್ಷೆ ನಾರ್ಮಲ್ ಬಂದಿತ್ತಲ್ಲ’ ಎಂದಿದ್ದೀರಿ. ಲಿವರ್ ಕ್ಯಾನ್ಸರ್‌ನಲ್ಲಿ ಹಲವರಿಗೆ ಏರುವ ಒಂದು ಪ್ರೋಟೀನನ್ನು ಅಳೆಯುವ ಪರೀಕ್ಷೆ ಅದು. ಆದರೆ ಲಿವರ್ ಕ್ಯಾನ್ಸರ್ ಇದ್ದೂ ಅದು ನಾರ್ಮಲ್ ಇರುವವರು ಬಹಳ ಜನ.

ಆದರೆ ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ಬಿಡುತ್ತಿಲ್ಲ. ವರ್ಷಗಳ ಹಿಂದೆ ರಕ್ತದಾನಕ್ಕೆ ಹೋದಾಗ ಅಣ್ಣನಿಗೆ ಹೆಪಟೈಟಿಸ್ ಬಿ ಇದೆ ಎಂದು ತಿಳಿದಿತ್ತಂತೆ. ಅದು ಲಿವರ್‌ಗೆ ತಗಲುವ, ಮುಂದೆ ಕ್ಯಾನ್ಸರ್‌ಗೂ ಕಾರಣವಾಗಬಲ್ಲ ವೈರಸ್. ಭುಜ ನೋಡಿದ ವೈದ್ಯರು ಅದನ್ನು ಕೇಳಲಿಲ್ಲ, ನೀವೂ ಹೇಳಲಿಲ್ಲ. ಭುಜಕ್ಕೂ ಅದಕ್ಕೂ ಏನು ಸಂಬಂಧ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆ ತಪ್ಪನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ವೈದ್ಯರ ಮೊದಲ ಊಹೆ ತಪ್ಪಿದ್ದಕ್ಕೂ ನನಗೆ ಸಿಟ್ಟಿಲ್ಲ. ನೋವು ತಗ್ಗದೆ, ತೂಕ ಇಳಿಯುತ್ತಿದ್ದರೂ ಐದು ತಿಂಗಳು ಅದೇ ಚೀಟಿ ಮುಂದುವರಿಸಿದರಲ್ಲ, ಅದಕ್ಕೆ ಸಿಟ್ಟಿದೆ.

ಈಗ ಅಣ್ಣನ ಕ್ಯಾನ್ಸರ್ ವೈದ್ಯರಿಗೆ ಹೆಪಟೈಟಿಸ್ ವಿಷಯ ಮೊದಲು ಹೇಳಿ. ಕ್ಯಾನ್ಸರ್ ಚಿಕಿತ್ಸೆಯ ನಡುವೆ ಆ ವೈರಸ್ ಮತ್ತೆ ಕೆರಳಬಹುದು. ನೀವು, ತಾಯಿ, ಅತ್ತಿಗೆ, ಅವರ ಮಕ್ಕಳು ಎಲ್ಲರೂ ರಕ್ತಪರೀಕ್ಷೆ ಮಾಡಿಸಿ. ವೈರಸ್ ಇಲ್ಲದೆ, ರಕ್ಷಣೆಯೂ ಇಲ್ಲದವರಿಗೆ ಲಸಿಕೆ ಇದೆ. ವೈರಸ್ ಇದ್ದವರು 6 ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನಿಂಗ್ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಲಿವರ್ ಗಟ್ಟಿಯಾಗದೆಯೂ ಈ ವೈರಸ್‌ನಿಂದ ಕ್ಯಾನ್ಸರ್ ಬರಬಹುದು.

ಮಕ್ಕಳನ್ನು ಅಣ್ಣನಿಂದ ದೂರ ಇಟ್ಟಿದ್ದೇವೆ ಎಂದೂ ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಜೊತೆಗೆ ಊಟ ಮಾಡಿದರೆ, ತಬ್ಬಿಕೊಂಡರೆ ಹೆಪಟೈಟಿಸ್ ಬಿ ಹರಡುವುದಿಲ್ಲ. ಇವತ್ತೇ ಅವರನ್ನು ಅಪ್ಪನ ಪಕ್ಕ ಕೂರಿಸಿ.

— ಸಂಪಾದಕ